ಸಮುದ್ರಕ್ಕೆ ಪಾಳಿ ಹಚ್ಚಿದ ಗೋಪಣ್ಣ

ಗೊರೇಬಾಳದ ಗೋಪಣ್ಣನಿಗೆ ನೀರಿನ ನಾಡಿ ಗೊತ್ತು ಎಂದು ಮೊದಲು ಹೇಳಿದವನು ಗೋಪಣ್ಣನೇ. ಆಮೇಲೆ ಹೇಳಿದವರೆಲ್ಲ ಅವನಿಂದ ನೀರು ಬೇಕಾದವರು. ಹೇಳಿ ಹೇಳಿ ಹನ್ನೆರಡು ವರ್ಷಗಳಲ್ಲಿ ಅದು ಸಿಂಧನೂರಿನಿಂದ ಮಸ್ಕಿಯವರೆಗೆ ಖಾತ್ರಿಯಾದ ಮಾತಾಗಿಬಿಟ್ಟಿತು. ನಾನು ಮೂವತ್ತು ವರ್ಷ ಸಿಂಧನೂರಿನ ಅಂಗಡಿಯಲ್ಲಿ ಕೂತು ಬೀಜ, ಗೊಬ್ಬರ ಮಾರಿದವನು; ಚೀಲದ ಮೇಲಿನ ಚಿತ್ರ ನೋಡಿ ಒಳಗಿನ ಕಾಳನ್ನು ನಂಬುವ ಚಾಳಿ ನನಗಿಲ್ಲ. ಗೋಪಣ್ಣನ ಒಳಗೆ ಇದ್ದದ್ದು ಇಷ್ಟೇ: ಅವನಪ್ಪ ಐವತ್ತು ವರ್ಷದ ಹಿಂದೆ ಉಪಕಾಲುವೆಯ ಬಾಯಿಗೆ ಹತ್ತಿಕೊಂಡ ಹದಿನೈದು ಎಕರೆ ಹಿಡಿದಿದ್ದ. ನೀರು ಬಿಟ್ಟ ದಿನ ಅದು ಮೊದಲು ಗೋಪಣ್ಣನ ಗದ್ದೆಗೇ ಬರಬೇಕು, ಅದಕ್ಕೆ ಬೇರೆ ದಾರಿಯೇ ಇಲ್ಲ. ಈತ ಬದುವಿನ ಮೇಲೆ ನಿಂತು, ಕಿವಿಗೆ ಕೈ ಹಚ್ಚಿ, ಕಣ್ಣು ಮುಚ್ಚಿ, "ಬಂತು" ಎನ್ನುತ್ತಿದ್ದ. ಬರುತ್ತಿತ್ತು. ಜನ ಬೆರಗಾಗುತ್ತಿದ್ದರು.

ಆ ಕಾಲುವೆಯ ನೀರು ಬಳಕೆದಾರರ ಸಂಘಕ್ಕೆ ಹನ್ನೆರಡು ವರ್ಷವೂ ಅವನೇ ಅಧ್ಯಕ್ಷ. ಸಂಘಕ್ಕೆ ಒಂದು ಕೋಣೆ, ಒಂದು ಬೀರು, ಒಂದು ಬೋರ್ಡು ಇವೆ. ಅಧಿಕಾರ ಇದ್ದದ್ದು ಮಾತ್ರ ಚಾವಿಯಲ್ಲಿ. ತೂಬಿನ ಗೇಟನ್ನು ಎತ್ತಲಿಕ್ಕೂ ಇಳಿಸಲಿಕ್ಕೂ ಹಾಕಿ ತಿರುವುವ, ಮೊಣಕೈಯಂತೆ ಬಾಗಿದ, ಮೂರು ಕಿಲೋ ಭಾರದ ಕಬ್ಬಿಣದ ಹಿಡಿಕೆಗೆ ನಮ್ಮಲ್ಲಿ ಚಾವಿ ಎನ್ನುತ್ತಾರೆ. ಅದು ಸಂಘದ ಬೀರುವಿನಲ್ಲಿ ಇರಬೇಕಾದ್ದು. ಗೋಪಣ್ಣ ಅದನ್ನು ತನ್ನ ಮನೆಯ ದೇವರ ಜಗಲಿಯ ಮೇಲೆ ಇಟ್ಟುಕೊಂಡಿದ್ದ. ದಿನಾ ಬೆಳಿಗ್ಗೆ ಅದಕ್ಕೂ ವಿಭೂತಿ. "ದೇವರಿಗೆ ಒಂದು ಬಟ್ಟು, ಈ ಕಬ್ಬಿಣಕ್ಕ ಮೂರು ಬಟ್ಟು" ಎಂದು ಅವನ ಹೆಂಡತಿ ಯಮನಮ್ಮ ಗೊಣಗುತ್ತಿದ್ದಳು.

ಕಾಲುವೆಯ ನೀರನ್ನು ಪಾಳಿಯ ಮೇಲೆ ಹಂಚುವುದು ಪದ್ಧತಿ. ಏಳು ದಿನ ಮೇಲಿನವರಿಗೆ, ಏಳು ದಿನ ಕೊನೆ ಭಾಗದವರಿಗೆ. ಗೋಪಣ್ಣನ ಕ್ಯಾಲೆಂಡರಿನಲ್ಲಿ ಮೇಲಿನವರ ವಾರಕ್ಕೆ ಹನ್ನೊಂದು ದಿನ. ಉಳಿದ ಮೂರರಲ್ಲಿ ನೀರು ಮಸ್ಕಿ ಸೀಮೆಯ ಕೊನೆ ತೂಬು ಮುಟ್ಟುವಷ್ಟರಲ್ಲಿ ಅದನ್ನು ನೀರು ಎಂದು ಕರೆಯಲು ಧೈರ್ಯ ಬೇಕು. ಆ ಕೊನೆ ತೂಬಿನ ರೈತ ಜಂಬಣ್ಣ. ಐದು ಎಕರೆ. ಭತ್ತದ ಆಸೆ ಎಂದೋ ಬಿಟ್ಟು ಹತ್ತಿ ಹಾಕಿದ್ದ, ಅದಕ್ಕೂ ನೀರಿಲ್ಲ. ಹದಿನೈದು ದಿನಕ್ಕೊಮ್ಮೆ ಗೋಪಣ್ಣನ ಮನೆಗೆ ಬಂದು, ಚಪ್ಪಲಿ ದೂರ ಬಿಟ್ಟು, ಕಟ್ಟೆಯ ತುದಿಯಲ್ಲಿ ಕೂರುತ್ತಿದ್ದ. ಇಡೀ ಕಟ್ಟೆ ಖಾಲಿ ಇದ್ದರೂ ತುದಿಯಲ್ಲೇ. ಕೊನೆ ಭಾಗದವರಿಗೆ ಅದೊಂದು ಅಭ್ಯಾಸವಾಗಿರುತ್ತದೆ.

"ಹತ್ತಿ ಬಾಡಾಕತ್ತಾವರೀ ಗೋಪಣ್ಣ."

"ಗುರುವಾರ ನೋಡೂನು."

"ಯಾವ ಗುರುವಾರರೀ?"

"ಬರೂ ಗುರುವಾರ ಲೇ. ಹೋದ ಗುರುವಾರ ನೀರು ಬಿಡಾಕ ಬರ್ತೈತೇನು?"

ಕಟ್ಟೆಯ ಮೇಲಿದ್ದವರೆಲ್ಲ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ನನ್ನ ಏಳು ಎಕರೆ ಮೇಲ್ಭಾಗದಲ್ಲಿದೆ, ನಗಲು ಅಡ್ಡಿ ಇರಲಿಲ್ಲ.

ಮೊನ್ನಿನ ಅಕ್ಟೋಬರಿನಲ್ಲಿ ಸಂಘಕ್ಕೆ ಹೊಸ ನಿರ್ದೇಶಕರು ಆರಿಸಿ ಬಂದರು. ಒಂಬತ್ತು ಮಂದಿ. ಮುಂದಿನ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಲಿಂಗಸುಗೂರಿನಿಂದ ಅಧಿಕಾರಿ ಬಂದು, ಆ ಒಂಬತ್ತರಲ್ಲಿ ಒಬ್ಬನನ್ನು ಅಧ್ಯಕ್ಷನಾಗಿ ಆರಿಸುವ ಸಭೆ ನಡೆಸುವುದು. ಐದು ಮಂದಿ ಇರದಿದ್ದರೆ ಸಭೆಯೇ ಇಲ್ಲ. ಗೋಪಣ್ಣನ ಕಡೆ ಐವರು: ಅವನು, ನಾನು, ದೊಡ್ಡ ಜಮೀನಿನ ಮನೆಯ ಹುಡುಗ ವೀರೇಂದ್ರ, ಟ್ರ್ಯಾಕ್ಟರಿನ ಸಮೀಉಲ್ಲಾ, ಮತ್ತು ಕೊನೆ ಭಾಗದಿಂದ ಆರಿಸಿ ಬಂದ ಜಂಬಣ್ಣ. ಎದುರಾಳಿ ನರಸಣ್ಣನ ಕಡೆ ನಾಲ್ವರು. ಒಬ್ಬ ಆ ಕಡೆ ಸರಿದರೆ ಹನ್ನೆರಡು ವರ್ಷದ ಅಧ್ಯಕ್ಷಗಿರಿ ಮುಗಿಯಿತು. ಚಾವಿ ಜಗಲಿ ಬಿಟ್ಟು ಇಳಿಯಬೇಕು. ಗೋಪಣ್ಣನ ಊಟ ಕಡಿಮೆಯಾಯಿತು.

ನಮ್ಮ ಕಡೆ ಇಂಥ ಚುನಾವಣೆಗೆ ಮೊದಲು ಟೂರ್ ಇರಲೇಬೇಕು. ತನ್ನ ಮಂದಿಯನ್ನು ಎದುರಾಳಿಯ ಕೈಗೆ ಸಿಗದ ಕಡೆ ಕರೆದೊಯ್ದು, ಉಣಿಸಿ, ತಿನಿಸಿ, ಮತದಾನದ ಹೊತ್ತಿಗೆ ತಂದು ಇಳಿಸುವುದು. ದೊಡ್ಡವರು ರೆಸಾರ್ಟಿಗೆ ಒಯ್ಯುತ್ತಾರೆ. ಗೋಪಣ್ಣ ಹೋದ ಸಲ ಹೊಸಪೇಟೆಯಲ್ಲಿ ಒಂದು ಲಾಡ್ಜಿಗೆ ಒಯ್ದಿದ್ದ. ಆರು ಮಂದಿಗೆ ಎರಡು ಕೋಣೆ. ಅಲ್ಲಿಗೂ ನರಸಣ್ಣನ ಫೋನುಗಳು ಬಂದು ಒಬ್ಬ ನಿರ್ದೇಶಕನಿಗೆ ಎದೆನೋವು ಶುರುವಾಗಿ, ಅವನು ಊರಿಗೆ ಹೋಗಿ, ಗುಣವಾಗಿ, ಎದುರು ಪಕ್ಷ ಸೇರಿದ್ದ.

"ಕಾಕಾ, ಕಾಡಿಗೆ ಹೋಗೂನು" ಎಂದವನು ವೀರೇಂದ್ರ. ಧಾರವಾಡದಲ್ಲಿ ಓದುವಾಗ ಅವನು ಗೆಳೆಯರ ಜೊತೆ ಬೆನ್ನಿಗೆ ಚೀಲ ಹಾಕಿಕೊಂಡು ಯಲ್ಲಾಪುರದ ಆಚೆಯ ಮಳೆಕಾಡಿನಲ್ಲಿ ನಡೆದು, ಘಟ್ಟ ಇಳಿದು, ಸಮುದ್ರ ಮುಟ್ಟಿದ್ದನಂತೆ. "ಎರಡು ದಿನ ಅಡವ್ಯಾಗ ನಡೆಯೂದು, ಒಂದು ದಿನ ಸಮುದ್ರದ ದಂಡಿ. ನೆಟ್‌ವರ್ಕ್ ಇರೂದಿಲ್ಲ ನೋಡ್ರಿ."

ಗೋಪಣ್ಣನ ಕಣ್ಣು ಅರಳಿದವು. "ನೆಟ್‌ವರ್ಕ್ ಇರೂದಿಲ್ಲಾ?"

"ಲಾಡ್ಜಿನ ಬಾಡಿಗಿನೂ ಇರೂದಿಲ್ಲ."

ಪ್ರಕೃತಿಯ ಮೇಲೆ ಗೋಪಣ್ಣನಿಗೆ ಪ್ರೇಮ ಹುಟ್ಟಿದ್ದು ಆ ಕ್ಷಣ.

ಬೆನ್ನುಚೀಲಗಳನ್ನು ನಾನು ಒದಗಿಸಿದೆ. ಬೀಜದ ಕಂಪನಿಯೊಂದು ಅಂಗಡಿಯವರಿಗೆ ಪುಕ್ಕಟೆ ಹಂಚಿದ್ದ ಚೀಲಗಳು, ಬೆನ್ನ ಮೇಲೆ ಒಡೆದ ಹತ್ತಿಕಾಯಿಯ ದೊಡ್ಡ ಚಿತ್ರ. ಪುಕ್ಕಟೆ ಬಂದದ್ದನ್ನು ಪುಕ್ಕಟೆ ಕೊಟ್ಟರೆ ಜನ ಬೆಲೆ ಇಡುವುದಿಲ್ಲವಾದ್ದರಿಂದ ಗೋಪಣ್ಣನಿಗೆ ಅರ್ಧ ದರ ಹಚ್ಚಿದೆ. ಅವನಿಗೆ ಅದರಲ್ಲೂ ಉಳಿತಾಯ ಕಂಡಿತು.

ಹೊರಡುವ ಮುನ್ನಾದಿನ ನಮ್ಮನ್ನೆಲ್ಲ ಗುರುಗುಂಟಾದ ಅಮರೇಶ್ವರನ ಗುಡಿಗೆ ಒಯ್ದ. ಆಣೆ ಮಾಡಬೇಕು. ವಿಭೂತಿ ಹಿಡಿದು ಮೂವರು ಮಾಡಬಹುದಿತ್ತು, ಸಮೀಉಲ್ಲಾನದೇ ಪ್ರಶ್ನೆ. "ನಾ ಹೊರಗ ನಿಂತು ಖುದಾನ ಮ್ಯಾಲ ಹೇಳ್ತೀನಿ, ಬಿಡ್ರಿ" ಎಂದ ಸಮೀಉಲ್ಲಾ. ಬೇರೆ ಬೇರೆ ದೇವರ ಮೇಲೆ ಆಣೆಯಾದರೆ ತೂಕ ಸರಿ ಬರುವುದಿಲ್ಲ ಎಂದು ಗೋಪಣ್ಣನಿಗೆ ಅನುಮಾನ. ಗುಡಿಯ ಹೊರಗೆ ಬೇವಿನ ಕೆಳಗೆ ಚಾವಿಯನ್ನು ಟವೆಲ್ಲಿನಿಂದ ತೆಗೆದು ಹಿಡಿದ. "ಇದು ಎಲ್ಲಾರಿಗೂ ನಡೀತೈತಿ. ಮುಟ್ಟಿ ಹೇಳ್ರಿ, ಬಿಟ್ಟು ಹೋಗೂದಿಲ್ಲಂತ." ನಾವು ನಾಲ್ವರೂ ಮುಟ್ಟಿ ಹೇಳಿದೆವು. ಜಂಬಣ್ಣ ಎಲ್ಲರಿಗಿಂತ ಹೆಚ್ಚು ಹೊತ್ತು ಕೈ ಇಟ್ಟುಕೊಂಡಿದ್ದ. ಅಷ್ಟು ಹತ್ತಿರದಿಂದ ಅವನು ಅದನ್ನು ಅದೇ ಮೊದಲು ನೋಡಿದ್ದು.

ಚಾವಿಯನ್ನು ಮನೆಯಲ್ಲಿ ಬಿಟ್ಟು ಬರುವಷ್ಟು ಭರೋಸಾ ಗೋಪಣ್ಣನಿಗೆ ಹೆಂಡತಿಯ ಮೇಲೂ ಇರಲಿಲ್ಲ. ಆಕೆ ನರಸಣ್ಣನಿಗೆ ದೂರದಿಂದ ತಂಗಿಯಾಗಬೇಕು. ಆದ್ದರಿಂದ ಚಾವಿ ಅವನ ಬೆನ್ನುಚೀಲ ಸೇರಿತು. ಅದರ ಮೇಲೆ ಯಮನಮ್ಮ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಪುಡಿ. ಅದರ ಮೇಲೆ ನಮ್ಮೆಲ್ಲರ ಫೋನುಗಳು. ಬಸ್ಸು ಹತ್ತುವ ಮೊದಲೇ ಬಂದ್ ಮಾಡಿಸಿ ಇಸಿದುಕೊಂಡಿದ್ದ. "ಟೂರ್ ಅಂದ್ರ ಮನಸು ಹಗುರ ಇರಬೇಕು" ಎಂದ. ಮತ್ತೆ ಒಬ್ಬೊಬ್ಬರಿಗೆ ಆರು ಲೀಟರು ಕುಡಿಯುವ ನೀರು ಹೊರಿಸಿದ. ಹೊಸ ಸೀಮೆಯಲ್ಲಿ ನೀರು ಸಿಗುತ್ತದೋ ಇಲ್ಲವೋ ಯಾರಿಗೆ ಗೊತ್ತು.

ಸಿಂಧನೂರಿನಿಂದ ಹುಬ್ಬಳ್ಳಿ, ಅಲ್ಲಿಂದ ಇನ್ನೊಂದು ಬಸ್ಸು. ಗುರುವಾರ ಸಂಜೆ ಕಾಡಿನ ಅಂಚಿನ ಹಳ್ಳಿಯಲ್ಲಿ ವೀರೇಂದ್ರನ ಗೆಳೆಯನ ಮನೆಯಲ್ಲಿ ಮಲಗಿ, ಶುಕ್ರವಾರ ಬೆಳಿಗ್ಗೆ ಚೆಕ್‌ಪೋಸ್ಟಿನಲ್ಲಿ ಹೆಸರು ಬರೆಸಿ ಒಳಗೆ ಹೊಕ್ಕೆವು. ಮಳೆ ಇನ್ನೂ ಪೂರಾ ಬಿಟ್ಟಿರಲಿಲ್ಲ. ಹತ್ತು ಹೆಜ್ಜೆಗೊಂದು ಹಳ್ಳ. ಕಲ್ಲಿನಿಂದ ನೀರು, ಬೇರಿನಿಂದ ನೀರು, ಎಲೆಯ ತುದಿಯಿಂದ ನೀರು. ನಾವು ಮಾತ್ರ ಸಿಂಧನೂರಿನ ಫಿಲ್ಟರ್ ನೀರು ಮೂವತ್ತು ಲೀಟರು ಹೊತ್ತು, ಬೆವರು ಸುರಿಸುತ್ತ, ಆ ನೀರಿನೊಳಗೇ ನಡೆಯುತ್ತಿದ್ದೆವು. ಎದುರಿಗೆ ಬಂದ ಒಬ್ಬ ಹೆಣ್ಣುಮಗಳು ನಮ್ಮ ಕ್ಯಾನುಗಳನ್ನು ನೋಡಿ ನಿಂತಳು. "ಮುಂದೆ ಮದುವೆ ಮನೆ ಉಂಟಾ?" ಎಂದು ಕೇಳಿದಳು.

"ಚೆಲ್ಲೂನೇನ್ರಿ?" ಎಂದ ಸಮೀಉಲ್ಲಾ.

"ನೀರು ಚೆಲ್ತಿಯೇನಲೇ!" ಎಂದು ಗೋಪಣ್ಣ ಬೈದ. ಹನ್ನೆರಡು ವರ್ಷ ತನ್ನ ಗದ್ದೆಯ ಕಟ್ಟೆ ಒಡೆದು ಹೊರಳಿ ಹರಿಯುವಷ್ಟು ನೀರು ನಿಲ್ಲಿಸಿಕೊಂಡವನ ಬಾಯಿಂದ ಅದು ಕೇಳಲು ಚೆನ್ನಾಗಿತ್ತು.

ಎಂಟು ಗಂಟೆಯಿಂದ ಅವನು ಕಾಡಿನ ತಪ್ಪು ಹುಡುಕತೊಡಗಿದ. ಮರಗಳನ್ನು ಬಹಳ ಒತ್ತಾಗಿ ಹಚ್ಚಿದ್ದಾರೆ. ಸಾಲು ಹಿಡಿದಿಲ್ಲ. ಬಿಸಿಲು ಬೀಳುವುದಿಲ್ಲ. ಒಂದು ಜಲಪಾತದ ಮುಂದೆ ವೀರೇಂದ್ರ ಕೈ ಮುಗಿದು ನಿಂತರೆ ಇವನು ಕೋಲಿನಿಂದ ಅಳತೆ ತೆಗೆದ. "ಇಲ್ಲೊಂದು ಗೇಟ್ ಕುಂದ್ರಿಸಿದ್ರ ಪೂರಾ ಬಂದೋಬಸ್ತ್. ಇಲ್ಲಿ ಮಂದಿಗೆ ನೀರಿನ ತಿಳುವಳಿಕಿ ಇಲ್ಲ."

ಜಂಬಣ್ಣ ಜಲಪಾತದ ಬುಡದಲ್ಲಿ ಕೂತು ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ: "ಈ ನೀರು ಯಾರ ಪಾಳಿದರೀ?"

"ಯಾರದೂ ಅಲ್ಲ" ಎಂದ ವೀರೇಂದ್ರ.

"ಯಾರದೂ ಅಲ್ಲದ ನೀರು ನಾ ಇವತ್ತ ನೋಡಿದ್ದು" ಎಂದು ಜಂಬಣ್ಣ ಅಂಗೈಯಲ್ಲಿ ಹಿಡಿದು ಕುಡಿದ. ಇನ್ನೊಮ್ಮೆ ಕುಡಿದ. ಅವನಿಗೆ ನೀರಡಿಕೆ ಇದ್ದಂತೆ ಕಾಣಲಿಲ್ಲ.

ಜಿಗಣೆಗಳಿಗೆ ಗೋಪಣ್ಣ ಮೊದಲ ಗಂಟೆಯಲ್ಲೇ ರುಚಿಸಿದ. ಮೇಲ್ಭಾಗದ ರಕ್ತ, ಧಾರಾಳ. "ಎರಿಹುಳ ಇವು, ಏನೂ ಮಾಡೂದಿಲ್ಲ" ಎಂದು ನಮಗೆಲ್ಲ ಧೈರ್ಯ ಹೇಳಿದ. ಹೇಳುವಾಗ ಒಂದು ಅವನ ಮೀಸೆಯ ಕೆಳಗೇ ಇತ್ತು. ಸಮೀಉಲ್ಲಾ ತನ್ನ ತಂಬಾಕು-ಸುಣ್ಣ ತಿಕ್ಕಿ ಅದನ್ನು ಬಿಡಿಸಿದ. ಆಮೇಲೆ ಗೋಪಣ್ಣ ಕಾಡಿನ ಕುರಿತು ಅಭಿಪ್ರಾಯ ಹೇಳುವುದು ಕಡಿಮೆಯಾಯಿತು, ಹೆಗಲ ಕುರಿತು ಹೆಚ್ಚಾಯಿತು. ಚೀಲದ ಪಟ್ಟಿ ಕೊಯ್ಯುತ್ತದೆ, ಕಬ್ಬಿಣ ಸೊಂಟಕ್ಕೆ ಬಡಿಯುತ್ತದೆ, ಸಾವ್ಕಾರ, ಅಂದರೆ ನಾನು, ಕೆಟ್ಟ ಚೀಲ ಕೊಟ್ಟಿದ್ದಾನೆ. ಚೀಲ ಮೂರು ಕಿಲೋ ಕಬ್ಬಿಣಕ್ಕೆ ಹೊಲಿದದ್ದಲ್ಲ ಎಂದು ನಾನು ಹೇಳಬಹುದಿತ್ತು. ಮಾರಿದ ಸರಕಿನ ಬಗ್ಗೆ ಮಾತು ಬೆಳೆಸಬಾರದು.

ಮಧ್ಯಾಹ್ನ ರೊಟ್ಟಿ ತಿಂದಮೇಲೆ ಅವನು ಜಂಬಣ್ಣನ ಚೀಲವನ್ನು ಕಾಲಿನಿಂದ ಮೆಲ್ಲಗೆ ನೂಕಿ ನೋಡಿದ.

"ಜಂಬಣ್ಣ, ನಿಂದು ಹಗುರ ಐತಲ್ಲ."

"ಏನೈತ್ರಿ ಅದರಾಗ. ಒಂದು ಪಂಚೆ, ಒಂದು ಅಂಗಿ."

"ಹಂಗಾದ್ರ ಇದನ್ನ ಒಂದೀಟು ಇಟ್ಕೊ." ಟವೆಲ್ಲಿನಲ್ಲಿ ಸುತ್ತಿದ ಚಾವಿಯನ್ನು ಚಾಚಿದ.

ಜಂಬಣ್ಣ ಕೈ ನೀಡಲಿಲ್ಲ. "ಎಲ್ಲೀತನಕರೀ?"

"ಊರು ಮುಟ್ಟೂತನಕ ಲೇ. ಏನು ನಿನ್ನ ಹೊಲಕ್ಕ ಒಯ್ದು ನೆಡ್ತಿಯೇನು?"

ಆಗ ಜಂಬಣ್ಣ ಎರಡೂ ಕೈಯಲ್ಲಿ ಇಸಿದುಕೊಂಡು ಚೀಲದ ತಳಕ್ಕೆ ಇಟ್ಟು, ಮೇಲೆ ಪಂಚೆ ಮುಚ್ಚಿದ. ನಾನು ನೋಡಿದೆ, ವೀರೇಂದ್ರನೂ ನೋಡಿದ. ಹನ್ನೆರಡು ವರ್ಷ ದೇವರ ಪಕ್ಕ ಇಟ್ಟದ್ದನ್ನು ಹೆಗಲು ನೋಯುತ್ತದೆಂದು ಒಬ್ಬ ಒಣಗಿದ ಹತ್ತಿಯ ರೈತನಿಗೆ ಕೊಡುವವನಿಗೆ ನಾವು ಏನು ಹೇಳುವುದು? ಆಣೆ ಮಾಡಿದ್ದಾನಲ್ಲ ಎಂದುಕೊಂಡು ಗೋಪಣ್ಣ ಅಲ್ಲಿಂದ ಮುಂದೆ ಹಗುರವಾಗಿ, ಹಿಂದಿನಿಂದ ನೋಡಿದರೆ ಹಿಗ್ಗಿದ ಹೋರಿಯಂತೆ ನಡೆದ. ಜಂಬಣ್ಣ ಒಮ್ಮೆಯೂ ಭಾರ ಎನ್ನಲಿಲ್ಲ.

ಶನಿವಾರ ಸಂಜೆ ಘಟ್ಟ ಇಳಿದು ಸಮುದ್ರದ ದಡದ ಹಳ್ಳಿ ಸೇರಿದೆವು. ಭಾನುವಾರದ ಯೋಜನೆ ಸರಳ. ಬೆಳಿಗ್ಗೆ ಸಮುದ್ರ ನೋಡುವುದು, ಉಣ್ಣುವುದು, ನಾಲ್ಕು ಗಂಟೆಗೆ ಕುಮಟಾದಿಂದ ಹುಬ್ಬಳ್ಳಿ ಬಸ್ಸು. ಸೋಮವಾರ ಬೆಳಕು ಹರಿಯುವಷ್ಟರಲ್ಲಿ ಸಿಂಧನೂರು, ಹನ್ನೊಂದಕ್ಕೆ ಐದು ಕೈ ಮೇಲೆ. ಬಸ್ಸಿನ ವೇಳೆಯನ್ನು ಗೋಪಣ್ಣ ನಮ್ಮೆಲ್ಲರಿಂದ ಎರಡೆರಡು ಸಲ ಹೇಳಿಸಿದ.

ಬೆಳಿಗ್ಗೆ ಎಂಟಕ್ಕೆ ಹೋಗಿ ನೋಡಿದರೆ ಸಮುದ್ರ ದೂರ ಸರಿದಿತ್ತು. ಹಸಿ ಮರಳು ಹಾಸಿದಂತೆ ಬಿದ್ದಿತ್ತು. ದಡದಿಂದ ಕೂಗಳತೆಯಲ್ಲಿ ಒಂದು ಕಲ್ಲುಗುಡ್ಡ, ಅದರವರೆಗೆ ಕಾಲು ತೋಯದೆ ನಡೆಯಬಹುದು. ಗೋಪಣ್ಣ ಸೊಂಟದ ಮೇಲೆ ಕೈ ಇಟ್ಟು ನಿಂತು ಆ ಮರಳನ್ನು ನೋಡಿದ. ಮೂರು ದಿನದಲ್ಲಿ ಮೊದಲ ಸಲ ಅವನಿಗೆ ಪರಿಚಯದ್ದೊಂದು ಕಂಡಿತ್ತು.

"ಬಂದ್ ಮಾಡ್ಯಾರ" ಎಂದ.

"ಏನು ಬಂದ್ ಮಾಡ್ಯಾರ ಕಾಕಾ?"

"ನೀರು. ಕಾಣೂದಿಲ್ಲೇನು? ಇನ್ನೂ ಹಸಿ ಐತಿ ಅಂದ್ರ ನಿನ್ನೆ ರಾತ್ರಿ ಬಂದ್ ಆಗೈತಿ. ಬಂದ್ ಆದ ನೀರು ಪಾಳಿ ಮುಗಿಯೂತನಕ ಬರೂದಿಲ್ಲ. ಆ ಗುಡ್ಡದ ಮ್ಯಾಲ ಅಡಿಗಿ ಮಾಡೂನು, ಯಾವ ನರಸಣ್ಣನ ಮನುಷ್ಯಾನೂ ಅಲ್ಲಿಗೆ ಬರೂದಿಲ್ಲ."

ವೀರೇಂದ್ರ ನನ್ನ ಮುಖ ನೋಡಿದ. ಕಾಲೇಜು ಓದಿದವನು, ಅವನಾದರೂ ಹೇಳಬೇಕಿತ್ತು. ಅಧ್ಯಕ್ಷರ ಮುಂದೆ ನೀರಿನ ಮಾತು ಆಡಿ ಯಾರಿಗೂ ರೂಢಿ ಇರಲಿಲ್ಲ. ನಾವೆಲ್ಲ ಅಕ್ಕಿ, ಬೇಳೆ ಹೊತ್ತು ಗುಡ್ಡಕ್ಕೆ ನಡೆದೆವು. ಗೋಪಣ್ಣ ಮಾತ್ರ ತನ್ನ ಚೀಲವನ್ನೂ, ಹೊಸ ಬೂಟುಗಳನ್ನೂ ಅರ್ಧ ದಾರಿಯ ಮರಳಿನಲ್ಲೇ ಇಟ್ಟ. ಹೇಗೂ ಇದೇ ದಾರಿಯಲ್ಲಿ ವಾಪಸು ಬರಬೇಕಲ್ಲ, ಎರಡೆರಡು ಸಲ ಯಾಕೆ ಹೊರುವುದು?

ಅಲ್ಲಿ ಚಿಪ್ಪು ಆರಿಸುತ್ತಿದ್ದ ಮೀನುಗಾರ ಹೆಂಗಸೊಬ್ಬಳು ಬುಟ್ಟಿ ಎತ್ತಿಕೊಂಡು ದಡಕ್ಕೆ ಹೊರಟಿದ್ದಳು. "ಭರತ ಬರೂ ಹೊತ್ತಾಯ್ತು, ನೀರು ಏರ್ತದೆ. ಚೀಲ ತಗೊಂಡು ಈಚೆ ಬನ್ನಿ" ಎಂದಳು.

ಗೋಪಣ್ಣ ನಕ್ಕ. "ನಮಗ ನೀರಿನ ಬಗ್ಗೆ ಹೇಳ್ತಿಯೇನವಾ? ನಾ ಹನ್ನೆರಡು ವರ್ಷದಿಂದ ಅಧ್ಯಕ್ಷ ಅದೀನಿ."

"ಯಾವ ಸಮುದ್ರಕ್ಕೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವಳು ಹೋದಳು.

ಗುಡ್ಡದ ಮೇಲೆ ಮೂರು ಕಲ್ಲು ಹೂಡಿ ಸಮೀಉಲ್ಲಾ ಅನ್ನಕ್ಕೆ ಇಟ್ಟ. ಜಂಬಣ್ಣ ಒಲೆಯ ಹತ್ತಿರ ಕೂರಲಿಲ್ಲ. ಗುಡ್ಡದ ಬುಡದಲ್ಲಿ, ಅಲ್ಲಿಯೂ ತುದಿಯಲ್ಲೇ, ಕುಕ್ಕರುಗಾಲಲ್ಲಿ ಕೂತು ಮರಳನ್ನು ನೋಡುತ್ತಿದ್ದ. ಮರಳಿನಲ್ಲಿ ಸೂಜಿ ಚುಚ್ಚಿದಂಥ ತೂತುಗಳು, ಅವುಗಳಿಂದ ಸಣ್ಣ ಗುಳ್ಳೆ ಏಳುತ್ತಿದ್ದವು. ಏಡಿಗಳೆಲ್ಲ ಒಂದೇ ಕಡೆಗೆ ಓಡುತ್ತಿದ್ದವು. ಅವನು ಎದ್ದು ಚೀಲ ಬೆನ್ನಿಗೆ ಹಾಕಿಕೊಂಡ.

"ನೀರು ಬರಾಕತ್ತೈತ್ರಿ" ಎಂದ.

"ಎಲ್ಲಿ ಐತಿ ನೀರು?" ಎಂದು ಗೋಪಣ್ಣ ದೂರದ ತೆರೆ ತೋರಿಸಿದ. "ಅಲ್ಲೇ ಐತಿ. ಕುಂದ್ರು, ಅನ್ನ ಬೇಯ್ಲಿ. ಕೊನೆ ಭಾಗದಾವ ನೀ, ನೀರು ಬರೂದು ಯಾವಾಗರ ಕಂಡೀಯೇನು?"

"ಕಂಡಿಲ್ಲರೀ" ಎಂದ ಜಂಬಣ್ಣ. "ಕಾದೀನಿ."

ಅಷ್ಟೇ ಹೇಳಿ ಇಳಿದು ನಡೆದ. ಒಣಗಿದ ಕಾಲುವೆಯ ದಂಡೆಯ ಮೇಲೆ ಇಪ್ಪತ್ತು ವರ್ಷ ಕೂತವನಿಗೆ, ನೀರು ಕಾಣುವ ಮೊದಲು ನೆಲ ಏನು ಮಾಡುತ್ತದೆ, ಹುಳ ಯಾವ ಕಡೆ ಹೊರಡುತ್ತದೆ ಎಂಬುದು ಗೊತ್ತಿರುತ್ತದೆ. ನ್ಯಾಯವಾಗಿ ನೋಡಿದರೆ ನೀರಿನ ನಾಡಿ ತಿಳಿದವನು ಇವನು. ನೀರು ತಾನಾಗಿ ಬಂದು ಬಾಗಿಲು ತಟ್ಟುತ್ತಿದ್ದ ಗೋಪಣ್ಣನಿಗೆ ಅದನ್ನು ಕಲಿಯುವ ಜರೂರು ಯಾವತ್ತೂ ಬಿದ್ದಿರಲಿಲ್ಲ. ನನಗೂ ಜಂಬಣ್ಣನ ಹಿಂದೆ ಹೋಗಬೇಕು ಅನ್ನಿಸಿತು. ಆದರೆ ಅನ್ನ ಅರ್ಧ ಬೆಂದಿತ್ತು.

ಅವನು ದಡ ಮುಟ್ಟುವಾಗ ನೀರು ಅವನ ಮೊಣಕಾಲಿಗಿತ್ತು. ಹಿಂದಿನಿಂದ ಮುಂದಿನಿಂದ ಎಂದಿಲ್ಲ, ಎರಡೂ ಪಕ್ಕದಿಂದ ಬಂತು. ಕಾಲುವೆಯಂತೆ ಒಂದು ಬಾಯಿಂದ ಬರುವ ಶಿಸ್ತೇ ಅದಕ್ಕಿರಲಿಲ್ಲ. ಗೋಪಣ್ಣ ನೋಡನೋಡುತ್ತಿದ್ದಂತೆ ಹತ್ತಿಕಾಯಿಯ ಚಿತ್ರ ಒಮ್ಮೆ ಅತ್ತ ಹೊರಳಿತು, ಒಮ್ಮೆ ಇತ್ತ ಹೊರಳಿತು, ಬೂಟುಗಳನ್ನು ಕರೆದುಕೊಂಡು ಪಡುವಣಕ್ಕೆ ಹೊರಟಿತು. ಐದು ಫೋನು ಅದರೊಳಗೆ.

"ಯಾವ ಸೂಳೇಮಗ ಬಿಟ್ಟನೋ ನೀರು!" ಎಂದು ಗೋಪಣ್ಣ ಕೂಗಿದ. ಅಭ್ಯಾಸ.

ನಮ್ಮಲ್ಲಿ ಈಜು ಬರುವವರು ಯಾರೂ ಇಲ್ಲ. ಗುಡ್ಡದ ನೆತ್ತಿಯ ಮೇಲೆ ನಾಲ್ವರು, ಅರ್ಧ ಬೆಂದ ಅನ್ನ, ಸಿಂಧನೂರಿನ ನೀರಿನ ಎರಡು ಕ್ಯಾನು. ಅದೊಂದು ಉಪಕಾರವಾಯಿತೆಂದು ಒಪ್ಪಬೇಕು. ದಡದಲ್ಲಿ ಜಂಬಣ್ಣ ಆ ಹೆಂಗಸಿನ ಜೊತೆ ಮಾತಾಡುವುದು ಕಾಣುತ್ತಿತ್ತು. "ದೋಣಿ ಕಳಿಸಲೇ ಜಂಬಣ್ಣಾ! ಈಗಿಂದೀಗ!" ಎಂದು ಗೋಪಣ್ಣ ಗಂಟಲು ಹರಿದುಕೊಂಡ. ಜಂಬಣ್ಣ ಕಿವಿಗೆ ಕೈ ಹಚ್ಚಿ ಕೇಳಿದ. ಆಮೇಲೆ ಕೈ ಬೀಸಿದ. ಆಮೇಲೆ ಅವನ ಬೆನ್ನ ಮೇಲಿನ ಹತ್ತಿಕಾಯಿ ತೆಂಗಿನ ಮರಗಳ ನಡುವೆ ಸಣ್ಣದಾಗುತ್ತ ಹೋಯಿತು.

"ದೋಣಿ ತರಾಕ ಹೋಗ್ಯಾನ" ಎಂದ ಗೋಪಣ್ಣ. ಹನ್ನೆರಡಾಯಿತು. "ಆಣೆ ಮಾಡ್ಯಾನ, ಬರ್ತಾನ." ಎರಡಾಯಿತು. ಮೂರೂವರೆಗೆ ಅವನಿಗೆ ಚಾವಿ ನೆನಪಾಯಿತು. ತನ್ನ ಖಾಲಿ ಬೆನ್ನನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಆ ಮುಖ ನೋಡಲು ನಾನು ಪೂರ್ತಿ ದರ ಕೊಡುತ್ತಿದ್ದೆ.

"ಸಮೀ, ಅವ ಚಾವಿ ಒಯ್ದಾನಲೇ."

"ನೀವೇ ಕೊಟ್ರಿ" ಎಂದ ಸಮೀಉಲ್ಲಾ. "ಊರು ಮುಟ್ಟೂತನಕ ಅಂದ್ರಿ. ಮುಟ್ಟಾಕ ಹೊಂಟಾನ ಬಿಡ್ರಿ."

ದೋಣಿ ಬಂದದ್ದು ಐದಕ್ಕೆ ಸರಿಯಾಗಿ. ಯಾಕೆ ಇಷ್ಟು ತಡ ಎಂದು ಗೋಪಣ್ಣ ದೋಣಿಯವನ ಮೇಲೆ ಹಾರಿಬಿದ್ದ. ಅವನಿಗೆ ಆಶ್ಚರ್ಯ. "ನಿಮ್ಮವರು ಬೆಳಿಗ್ಗೆಯೇ ಹೇಳಿ, ಬಾಡಿಗೆ ಕೊಟ್ಟು ಹೋಗಿದ್ರಲ್ಲ. ಐದು ಗಂಟೆಗೆ ಕರ್ಕೊಂಡು ಬನ್ನಿ, ಮೊದಲು ಬೇಡ, ಅವರು ಸಮುದ್ರ ನೋಡ್ತಾ ಇರ್ತಾರೆ ಅಂದ್ರು."

ನಾಲ್ಕರ ಬಸ್ಸಿನಲ್ಲಿ ಜಂಬಣ್ಣ ಒಬ್ಬನೇ ಹೋಗಿದ್ದ.

ಇನ್ನೂ ದಾರಿ ಇತ್ತು. ಒಂದು ಕಾರು ಹಿಡಿದರೆ ಬೆಳಗಿನ ಜಾವಕ್ಕೆ ಸಿಂಧನೂರು ಸೇರಬಹುದಿತ್ತು. "ಯಾರ ಹತ್ರ ರೊಕ್ಕ ಐತಿ?" ಎಂದು ಗೋಪಣ್ಣ ಕೇಳಿದ. ಅವನದು ಸಮುದ್ರದಲ್ಲಿ, ವೀರೇಂದ್ರನದು ಫೋನಿನಲ್ಲಿ, ಫೋನು ಸಮುದ್ರದಲ್ಲಿ, ಸಮೀಉಲ್ಲಾನ ಹತ್ತಿರ ಇದ್ದದ್ದು ಚಹಾಕ್ಕೆ ಸಾಕು. ನನ್ನ ಬನಿಯನ್ನಿನ ಒಳಜೇಬಿನಲ್ಲಿ ಇತ್ತು. ಆದರೆ ಆ ಗುಡ್ಡದ ಮೇಲೆ ಎಂಟು ತಾಸು ಕೂತು ನಾನು ಒಂದು ವಿಚಾರ ಮಾಡಿದ್ದೆ. ಜಂಬಣ್ಣ ಮುಟ್ಟುತ್ತಾನೆ, ನರಸಣ್ಣನ ನಾಲ್ವರಿಗೆ ಅವನು ಸೇರಿದರೆ ಐದು, ಅವನ ಕೈಯಲ್ಲಿ ಚಾವಿ ಬೇರೆ ಇದೆ. ಹೊಸ ಅಧ್ಯಕ್ಷನಿಗೆ ಮೊದಲ ದಿನವೇ ಎದುರು ನಿಂತವನು ಎನ್ನಿಸಿಕೊಳ್ಳುವುದು ಏಳು ಎಕರೆಗೆ ಒಳ್ಳೆಯದಲ್ಲ. ಸುಮ್ಮನಿದ್ದೆ. ಆ ರಾತ್ರಿ ದೇವಸ್ಥಾನದ ಪೌಳಿಯಲ್ಲಿ ಮಲಗಿದೆವು. ಬೆಳಿಗ್ಗೆ ಬನಿಯನ್ ಹಿಂಡುವಾಗ ರೊಕ್ಕ ಸಿಕ್ಕಿತು ಎಂದೆ. ಸಮೀಉಲ್ಲಾ ನನ್ನನ್ನು ಒಮ್ಮೆ ನೋಡಿ, ಬೀಡಿ ಹಚ್ಚಿದ.

ಸೋಮವಾರ ಹೊತ್ತು ಇಳಿಯುವಾಗ ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಆಟೋ ಹತ್ತಿದೆವು. ಆಟೋದವನೇ ಸುದ್ದಿ ಹೇಳಿದ. ಹನ್ನೊಂದಕ್ಕೆ ಅಧಿಕಾರಿ ಬಂದಾಗ ಒಳಗೆ ನರಸಣ್ಣನ ಕಡೆಯ ನಾಲ್ವರು. ಐದನೆಯವನು ಜಂಬಣ್ಣ, ಹೊರಗೆ ಮೆಟ್ಟಿಲ ಮೇಲೆ ಟವೆಲ್ಲಿನ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಬಾ ಎಂದರೆ ಬರಲಿಲ್ಲ. "ಹೆಸರು ನಂದಾದ್ರ ಒಳಗ ಬರ್ತೀನಿ" ಎಂದನಂತೆ. ನರಸಣ್ಣ ಬೈದ, ಬೇಡಿಕೊಂಡ, ಗಡಿಯಾರ ನೋಡಿದ. ಸಭೆ ಮುಂದಕ್ಕೆ ಹೋದರೆ ಗೋಪಣ್ಣ ಐವರನ್ನು ಕಟ್ಟಿಕೊಂಡು ಬರುತ್ತಾನೆ. ಅವನಿಗಿಂತ ಜಂಬಣ್ಣ ವಾಸಿ, ಇವನನ್ನು ತಾನು ಆಡಿಸಬಹುದು ಎಂದುಕೊಂಡಿರಬೇಕು. ಅದನ್ನೇ ಅಲ್ಲವೇ ಗೋಪಣ್ಣನೂ ಅಂದುಕೊಂಡದ್ದು. ಐದು ಕೈ ಎದ್ದವು. ಜಂಬಣ್ಣ ಅಧ್ಯಕ್ಷ.

ಗೊರೇಬಾಳದ ಹತ್ತಿರ ಕಾಲುವೆ ರಸ್ತೆಗೆ ಆಟೋ ತಿರುಗಿದ ಕೂಡಲೇ ಗೋಪಣ್ಣ "ನಿಲ್ಲಿಸು" ಎಂದ. ಅವನ ತೂಬು ಮುಚ್ಚಿತ್ತು. ಗದ್ದೆಯ ಕಾಲುವೆಯಲ್ಲಿ ಹಸಿ ಕೆಸರು, ಅದರ ಮೇಲೆ ಕೊಕ್ಕರೆ ಕಾಲು ಎತ್ತಿಟ್ಟು ನಡೆಯುತ್ತಿತ್ತು. ನೀರೆಲ್ಲ ನೇರ ಮಸ್ಕಿಯ ಕಡೆ ಹೊರಟಿತ್ತು. ಅವನು ಆ ಕೆಸರನ್ನು ಬಹಳ ಹೊತ್ತು ನೋಡಿದ.

"ಬಂದ್ ಮಾಡ್ಯಾರ" ಎಂದ. ಈ ಸಲ ಸರಿಯಾಗಿ ಹೇಳಿದ್ದ.

ಮುಖ್ಯ ಗೇಟಿನ ಕಟ್ಟೆಯ ಮೇಲೆ ಜಂಬಣ್ಣ ಕೂತಿದ್ದ. ಮಧ್ಯದಲ್ಲಿ. ಚಾವಿ ಪಕ್ಕದಲ್ಲಿ. ಬಸ್‌ಸ್ಟ್ಯಾಂಡಿನಲ್ಲೇ ಕೊಂಡಿದ್ದ ಸೇವಂತಿಗೆ ಹಾರ ಹಿಡಿದು ನಾನು ಮುಂದೆ ನಡೆದೆ. ಹಾರ ಹಾಕಿಸಿಕೊಂಡ. ನಾನು ಬಾಯಿ ತೆಗೆಯುವ ಮೊದಲೇ, "ನಿಮ್ಮದೂ ಗುರುವಾರಾನ ಸಾವ್ಕಾರ್ರ" ಎಂದ. ಹಾರ ದಂಡ.

ಗೋಪಣ್ಣ ಬಂದು ನಿಂತ. "ಚಾವಿ ಕೊಡು ಜಂಬಣ್ಣ. ಊರು ಮುಟ್ಟೂತನಕ ಅಂದಿದ್ದೆ ನಾ."

"ಊರು ಮುಟ್ಟೇತಲ್ಲರೀ. ಸಂಘದ ಚಾವಿ, ಸಂಘಕ್ಕ ಮುಟ್ಟೇತಿ."

"ಅಮರೇಶನ ಗುಡಿ ಮುಂದ ಬಿಟ್ಟು ಹೋಗೂದಿಲ್ಲಂತ ಆಣೆ ಮಾಡಿದ್ದಿ!"

"ಆಣೆ ಚಾವಿ ಮ್ಯಾಲ ಮಾಡಿಸಿದವರು ನೀವು. ಅದನ್ನೇನು ನಾ ಬಿಟ್ಟು ಹೋಗಿಲ್ಲ ನೋಡ್ರಿ."

ಸಮೀಉಲ್ಲಾ ನಕ್ಕುಬಿಟ್ಟ. ವೀರೇಂದ್ರ ಆ ಕಡೆ ತಿರುಗಿದ. ಕಾಳು ಹಾಲು ಕಟ್ಟುವ ಹೊತ್ತು, ಹದಿನೈದು ಎಕರೆ ಭತ್ತ, ನೀರು ನಿಂತರೆ ಏನಾಗುತ್ತದೆ ಎಂದು ಗೋಪಣ್ಣನಿಗೆ ಯಾರೂ ಹೇಳಬೇಕಾಗಿರಲಿಲ್ಲ. ದನಿ ತಗ್ಗಿಸಿ ಕೇಳಿದ: "ಗುರುವಾರ ಅಂದ್ರ, ಯಾವ ಗುರುವಾರ?"

"ಬರೂ ಗುರುವಾರರೀ" ಎಂದ ಜಂಬಣ್ಣ, ರೀ ಬಿಡದೆ. "ಕೊನೆ ತೂಬು ಮುಟ್ಟಿದ ಮ್ಯಾಲ. ಕುಂದ್ರಿ, ದೂರದಿಂದ ಬಂದೀರಿ."

ಗೋಪಣ್ಣ ಕಟ್ಟೆಯ ತುದಿಯಲ್ಲಿ ಕೂತ. ಚಪ್ಪಲಿ ಬಿಡುವ ಪ್ರಶ್ನೆ ಇರಲಿಲ್ಲ. ಕಾಲಲ್ಲಿ ಏನೂ ಇರಲಿಲ್ಲ.